ಕಳೆದ ಮೇಲೆ

ಕೊಲಂಬಸ್ಸಿನ ಏಳನೇ ಮಹಡಿಯಲ್ಲಿ ನನ್ನ ಕೆಲಸ ಕಳೆಯುವುದು.
ಹೋದ ವರ್ಷದ ಅಂಕ ಕಳೆ,
ಬಿಟ್ಟಿ ಊಟದ ಚೀಟಿ ಕಳೆ,
ಎಷ್ಟು ಸಲ ಬಾಡಿಗೆ ಮನೆ ಬದಲಾಯಿತೋ ಅದನ್ನು ಕಳೆ,
ಅಮ್ಮ ಹೈಸ್ಕೂಲು ಮುಗಿಸಿದ್ದಾಳೋ ಇಲ್ಲವೋ, ಕಳೆ.
ಇಷ್ಟೆಲ್ಲ ಕಳೆದ ಮೇಲೂ ತಳದಲ್ಲೊಂದಿಷ್ಟು ಉಳಿಯುತ್ತದೆ,
ಹಾಲು ಕಾಸಿದ ಪಾತ್ರೆಗೆ ಸೀದು ಹತ್ತಿದ ಹಾಗೆ.
ಕೆರೆದು ತೆಗೆದು, ತೂಗಿ,
ಅದಕ್ಕೆ ಶಾಲೆ ಎಂದು ಹೆಸರಿಡುತ್ತೇವೆ.

ಸಿಕಮೋರ್ ಸ್ಟ್ರೀಟ್ ಶಾಲೆ, ನಾಲ್ಕನೇ ತರಗತಿ, ಗಣಿತ:
ಋಣ ಎರಡು ಪಾಯಿಂಟ್ ಮೂರು.
ಅತ್ತ ಮೂರು ಇತ್ತ ಮೂರು ಜಗ್ಗಬಹುದು ಎಂದೂ ಬರೆದಿದ್ದೆ.
ಸೊನ್ನೆಯೂ ಆ ಬೇಲಿಯೊಳಗೇ ಮೇಯುತ್ತಿತ್ತು.
ಪತ್ರಿಕೆಯವರು ಬೇಲಿ ಕಿತ್ತು ಅಂಕಿಯನ್ನಷ್ಟೇ ಅಚ್ಚು ಹಾಕಿದರು,
ಕೆಂಪಕ್ಷರದಲ್ಲಿ, ಹಳೇ ಟೈರು ಕೊಳ್ಳುತ್ತೇವೆ ಎಂಬ ಜಾಹೀರಾತಿನ ಪಕ್ಕ.

ನವೆಂಬರಿನಲ್ಲಿ ನನ್ನನ್ನೇ ಕಳಿಸಿದರು, ಬಿಡಿಸಿ ಹೇಳಿ ಬಾ ಎಂದು.
ಒಹಾಯೋ ನದಿ ಬೂದಿ ಬಣ್ಣಕ್ಕಿತ್ತು.
ಕಲ್ಲಿದ್ದಲು ಹೇರಿದ ದೋಣಿಯೊಂದು ಅವಸರವಿಲ್ಲದೆ ಹೋಗುತ್ತಿತ್ತು.
ಗ್ರಂಥಾಲಯದ ತುಂಬ ಏಳು ವರ್ಷದವರ ಕುರ್ಚಿ,
ಮೊಣಕಾಲು ಎದೆಗೆ ತಾಗಿಸಿ ಕೂತ ಹನ್ನೊಂದು ಮಂದಿ ಟೀಚರು.
ಗೆರೆ ಎಳೆದೆ. ಇದು ನಿರೀಕ್ಷೆ. ಇದು ನಿಜ.
ನಡುವೆ ಇರುವ ಈ ಸಂದಿದೆಯಲ್ಲ,
ಇದು ನೀವು.

ಯಾರೂ ಕೆಮ್ಮಲಿಲ್ಲ.

ಆಮೇಲೆ ಕೊರೀನ್ ಮೇನಾರ್ಡ್, ನಾಲ್ಕನೇ ತರಗತಿ, ಇಪ್ಪತ್ತಾರು ವರ್ಷದ ಸರ್ವಿಸು,
ಕೈ ಎತ್ತಿದಳು, ಮಕ್ಕಳ ಹಾಗೆ, ಸೋತ ಕೈಗೆ ಇನ್ನೊಂದು ಕೈ ಆಸರೆ ಕೊಟ್ಟು.
"ನನ್ನಲ್ಲಿಗೆ ಬರುವಾಗಲೇ ಮಕ್ಕಳು ಮೇಲಿದ್ದರೆ ಏನು ಮಾಡೋಣ?"
ಯಾಕೆ ಮೇಲಿದ್ದರು, ಎಂದೆ.
ಅವಳು ಮಾತಾಡದೆ ಪಕ್ಕಕ್ಕೆ ತಿರುಗಿದಳು.
ಮೂರನೇ ತರಗತಿಯ ವರ್ನಾ ಟ್ಯಾಕೆಟ್ ತಲೆ ತಗ್ಗಿಸಿದ್ದಳು,
ಕೈಚೀಲದಲ್ಲಿ ಕದ್ದ ಮಾಲು ಸಿಕ್ಕವಳ ಹಾಗೆ.
ಭಿನ್ನರಾಶಿ, ಭಾಗಾಕಾರ, ತನ್ನ ಪಾಲಿಗೆ ಬಾರದ್ದನ್ನೂ
ಊಟದ ಬಿಡುವಿನಲ್ಲಿ ಕೂರಿಸಿಕೊಂಡು ಕಲಿಸಿದ್ದಳಂತೆ,
ಮುಂದೆ ಕೊರೀನಳಿಗೆ ಹಗುರಾಗಲಿ ಎಂದು.
ಇವಳು ಏಣಿಯಲ್ಲಿ ಅಷ್ಟೆತ್ತರ ಹತ್ತಿಸಿಬಿಟ್ಟದ್ದಕ್ಕೆ
ಅವಳಿಗೆ ಉಳಿದದ್ದು ಎರಡೇ ಮೆಟ್ಟಿಲು.
ಪೆಟ್ರೋಲು ಉಳಿಸಲು ಇಬ್ಬರೂ ಒಂದೇ ಕಾರಿನಲ್ಲಿ ಬರುತ್ತಾರೆ,
ಮುಂದಿನ ಸೀಟಿನಲ್ಲಿ ಧನ, ಋಣ.

ಮಾದರಿ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ ಎಂದೆ, ಸ್ವಲ್ಪ ಮಟ್ಟಿಗೆ.
ಆ 'ಸ್ವಲ್ಪ ಮಟ್ಟಿಗೆ' ಗೋಡೆಗೆ ಬಡಿದು ವಾಪಸು ಬಂತು.
ಋಣವೆಂದರೆ ಕಡಿಮೆ ಬಿದ್ದದ್ದಷ್ಟೇ ಅಲ್ಲ,
ಹೊತ್ತುಕೊಂಡದ್ದೂ ಹೌದು.
ಯಾರದು ಯಾರ ಮೇಲೆ ಎಂಬ ಕಾಲಮ್ಮು
ನನ್ನ ಹಾಳೆಯಲ್ಲಿರಲಿಲ್ಲ.

ಬೇಸಗೆಯಲ್ಲಿ ವರ್ನಾ ನಿವೃತ್ತಳಾದಳು.
ಅವಳ ಕೋಣೆಗೆ ಖಾಯಂ ಟೀಚರು ಸಿಗಲಿಲ್ಲ,
ಒಂದೇ ವರ್ಷದಲ್ಲಿ ನಾಲ್ವರು ಬದಲಿಗಳು ಬಂದುಹೋದರು.
ಒಬ್ಬ ಮಾತ್ರ ಕ್ರಿಸ್ಮಸ್ ದಾಟಿದ.
ಮಕ್ಕಳು ಏಣಿಯ ಬುಡದಲ್ಲೇ ಉಳಿದರು.
ಅದರ ಮುಂದಿನ ವರ್ಷ ನಾಲ್ಕನೇ ತರಗತಿ, ಗಣಿತ:
ಧನ ನಾಲ್ಕು ಪಾಯಿಂಟ್ ಒಂದು.
ಹಸಿರು ಬಣ್ಣ. ರಾಜ್ಯದ ಮೊಹರು ಒತ್ತಿದ ಪ್ರಶಸ್ತಿಪತ್ರ.
ಕಳಿಸಿದ್ದು ನಾನೇ.

ಹದಿನೈದು ದಿನಕ್ಕೆ ಅದೇ ಪತ್ರ ಅಂಚೆಯಲ್ಲಿ ಹಿಂದಿರುಗಿತು,
ಜೊತೆಗೊಂದು ಅಕ್ಷರವಿಲ್ಲ.
ಬೆನ್ನಿಗೆ ಮಾತ್ರ, ಪೆನ್ಸಿಲಿನಲ್ಲಿ, ಬೋರ್ಡಿನ ಮೇಲೆ ಬರೆವಷ್ಟು ದುಂಡಗೆ,
ಮೇಲೆ: ಕೊರೀನ್.
ಕೆಳಗೆ, ಕಳೆಯುವ ಗುರುತು ಹಾಕಿ: ವರ್ನಾ.
ಅಡ್ಡಗೆರೆ.
ಗೆರೆಯ ಕೆಳಗೆ ಜಾಗ ಬಿಟ್ಟಿದ್ದಳು,
ಉತ್ತರ ಬರೆಯಲು ಹುಡುಗರಿಗೆ ಬಿಡುವಷ್ಟು.